ಹಲ್ಮಿಡಿಯೋ ತಾಳಗುಂದವೋ: ತಿಳಿದವರ ಮಾತನ್ನು ಎಷ್ಟು ನೆಚ್ಚಬೇಕು, ನಮ್ಮ ಮಾತನ್ನು ಯಾವಾಗ ತಿದ್ದಿಕೊಳ್ಳಬೇಕು?

ಪ್ರಶ್ನೆ
ಬರೆದವರು: ಹಾಸನದ ಶಿಕ್ಷಕಿ

ನಾನು ಹಾಸನ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ 26 ವರ್ಷಗಳಿಂದ ಕನ್ನಡ ಕಲಿಸುತ್ತಿದ್ದೇನೆ. ಹಲ್ಮಿಡಿ ನಮ್ಮದೇ ಜಿಲ್ಲೆಯ ಬೇಲೂರು ತಾಲ್ಲೂಕಿನ ಊರಾದ್ದರಿಂದ, ಕನ್ನಡದ ಮೊದಲ ಶಾಸನ ಹಲ್ಮಿಡಿಯದು, ಅದರ ಕಾಲ ಕ್ರಿ.ಶ. 450 ಎಂದು ಹೇಳುವಾಗಲೆಲ್ಲ ನನ್ನ ದನಿಯಲ್ಲಿ ಪಾಠಕ್ಕಿಂತ ಹೆಚ್ಚಾಗಿ ಅಭಿಮಾನವೇ ಇರುತ್ತಿತ್ತು. ಕಳೆದ ತಿಂಗಳು ಒಂಬತ್ತನೆಯ ತರಗತಿಯ ಹುಡುಗನೊಬ್ಬ ಎದ್ದು ನಿಂತು, ತಾಳಗುಂದದಲ್ಲಿ ಅದಕ್ಕಿಂತಲೂ ಹಳೆಯ ಶಾಸನ ಸಿಕ್ಕಿದೆಯಂತೆ, ಅದು 370ರ ಸುಮಾರಿನದಂತೆ ಎಂದ. ಪುಸ್ತಕದಲ್ಲಿ ಇರುವುದನ್ನು ಬರೆದುಕೋ, ಪರೀಕ್ಷೆಗೆ ಬರುವುದು ಅದೇ ಎಂದು ಹೇಳಿ ನಾನು ಅವನನ್ನು ಕೂರಿಸಿದೆ. ಅವನು ಮರುಮಾತಾಡದೆ ಕುಳಿತ. ಆ ಮುಖ ಇನ್ನೂ ನನ್ನ ಕಣ್ಣ ಮುಂದಿದೆ.

ಅಂದು ಸಂಜೆ ಹುಡುಕಿ ಓದಿದಾಗ ಹುಡುಗ ಗಾಳಿಮಾತು ಆಡಿರಲಿಲ್ಲ ಎಂಬುದು ತಿಳಿಯಿತು. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಪ್ರಣವೇಶ್ವರ ದೇವಾಲಯದ ಆವರಣದಲ್ಲಿ 2013ರಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ನಡೆಸಿದ ಉತ್ಖನನದಲ್ಲಿ ಸಿಂಹಕಟಾಂಜನದ, ಅಂದರೆ ಸಿಂಹದ ಆಕಾರವಿರುವ ಕಲ್ಲಿನ ಕಟಕಟೆಯ, ಮೇಲೆ ಬರೆದ ಶಾಸನವೊಂದು ದೊರೆತಿದೆ, ಅದರಲ್ಲಿ ಕನ್ನಡವಿದೆ, ಅದನ್ನು 370ರ ಸುಮಾರಿಗೆ ಇಟ್ಟಿರುವ ತಜ್ಞರಿದ್ದಾರೆ. ಮರುದಿನ ಶಾಸನಗಳ ನಡುವೆಯೇ ಆಯುಷ್ಯ ಕಳೆದ ಹಿರಿಯರೊಬ್ಬರಿಗೆ ಕರೆ ಮಾಡಿದೆ. ಶಾಸನ ಸಿಕ್ಕಿದ್ದು ನಿಜ, ಆದರೆ ಅದರ ಕಾಲದ ಮಾತು ಇನ್ನೂ ಹದಕ್ಕೆ ಬಂದಿಲ್ಲ, ಅವಸರ ಬೇಡ ಎಂದರು. ಇದನ್ನು ಶಿಕ್ಷಕರ ಕೊಠಡಿಯಲ್ಲಿ ಹೇಳಿದಾಗ ಸಹೋದ್ಯೋಗಿಯೊಬ್ಬರು, ವಿದ್ವಾಂಸರು ಯಾವಾಗಲೂ ಹೀಗೆಯೇ, ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ, ಆದ್ದರಿಂದ ಯಾರದನ್ನು ಬೇಕಾದರೂ ನಂಬಬಹುದು ಎಂದುಬಿಟ್ಟರು.

ಈ ಮಾತನ್ನು ನನ್ನ ಮನಸ್ಸು ಒಪ್ಪುತ್ತಿಲ್ಲ, ಆದರೆ ಏಕೆ ಒಪ್ಪುತ್ತಿಲ್ಲ ಎಂದು ಬಿಡಿಸಿ ಹೇಳಲು ನನಗೆ ಆಗುತ್ತಿಲ್ಲ. ತಿಳಿದವರ ಮಾತಿಗೆ ಗೌರವ ಕೊಡುವುದು ಎಂದರೆ ಅವರ ಹೆಸರಿಗೆ ತಲೆಬಾಗುವುದೇ? 26 ವರ್ಷ ಹೇಳಿದ್ದನ್ನು ಒಂದು ಪತ್ರಿಕಾ ವರದಿಯ ಬಲದ ಮೇಲೆ ಬದಲಿಸಿದರೆ ಅದು ತೆರೆದ ಮನಸ್ಸಿನ ಲಕ್ಷಣವೋ, ಗಾಳಿ ಬಂದತ್ತ ತೂರಿಕೊಳ್ಳುವ ಗುಣವೋ? ಎಲ್ಲಕ್ಕಿಂತ ಮುಖ್ಯವಾಗಿ, ಆ ಹುಡುಗನಿಗೆ ನಾನು ಈಗ ಏನು ಹೇಳಬೇಕು?


ಉತ್ತರ 1
ಬರೆದವರು: ಪಡಿಯಚ್ಚು

ಮೇಡಂ, ನಾನು ಹಲವು ವರ್ಷ ಶಾಸನಗಳ ಪಡಿಯಚ್ಚು, ಅಂದರೆ ಕಲ್ಲಿನ ಬರಹದ ಕಾಗದದ ಅಚ್ಚು, ತೆಗೆಯುವ ಮತ್ತು ಅವನ್ನು ಓದುವ ಕೆಲಸದಲ್ಲಿದ್ದವನು. ನಿಮ್ಮ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ ಮೊದಲು 450 ಎಂಬ ಆ ಅಂಕಿ ಎಲ್ಲಿಂದ ಬಂತೆಂದು ನೋಡಬೇಕು. ಏಕೆಂದರೆ ನೀವು ತರಗತಿಯಲ್ಲಿ ಕಾಪಾಡಲು ಹೊರಟದ್ದು ಆ ಅಂಕಿಯನ್ನು, ಹುಡುಗ ಮುಟ್ಟಿದ್ದೂ ಅದನ್ನೇ.

ಹಲ್ಮಿಡಿಯ ಕಲ್ಲು 1936ರಲ್ಲಿ ಮೈಸೂರಿನ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಎಂ.ಎಚ್. ಕೃಷ್ಣ ಅವರ ಮೂಲಕ ವಿದ್ವತ್ ಲೋಕದ ಬೆಳಕಿಗೆ ಬಂತು. ಅದರಲ್ಲಿರುವುದು 16 ಸಾಲುಗಳು. ಹೋರಾಟದಲ್ಲಿ ಪರಾಕ್ರಮ ತೋರಿದ ವಿಜ ಅರಸನಿಗೆ ಪಲ್ಮಿಡಿ ಮತ್ತು ಮೂಳಿವಳ್ಳಿ ಎಂಬ ಊರುಗಳನ್ನು ಬಾಳ್ಗಳ್ಚಾಗಿ, ಅಂದರೆ ವೀರನಿಗೆ ಕತ್ತಿ ತೊಳೆದು ಕೊಡುವ ದತ್ತಿಯಾಗಿ, ಕೊಟ್ಟ ವಿಷಯ ಅದರಲ್ಲಿದೆ. ಕದಂಬ ಕಾಕುಸ್ಥನ ಹೆಸರಿದೆ. ಇಲ್ಲದಿರುವುದು ಒಂದೇ, ವರ್ಷ. ಬಾದಾಮಿಯ ಮೂರನೆಯ ಗುಹೆಯ ಸಂಸ್ಕೃತ ಶಾಸನ ಶಕವರ್ಷ 500 ಎಂದು ತಾನೇ ಹೇಳಿಕೊಳ್ಳುತ್ತದೆ, ಆದ್ದರಿಂದ ಅದನ್ನು 578ಕ್ಕೆ ಇಡುವಾಗ ಯಾರೂ ತಡವರಿಸುವುದಿಲ್ಲ. ಹಲ್ಮಿಡಿಯ ಕಲ್ಲು ಹಾಗೆ ನಮಗೆ ನೆರವಾಗುವುದಿಲ್ಲ. ಅಲ್ಲಿ ಬರುವ ರಾಜನ ಹೆಸರು, ಅಕ್ಷರಗಳ ಆಕಾರ, ಭಾಷೆಯ ಹಳಮೆ, ಈ ಮೂರನ್ನು ಒಟ್ಟಿಗೆ ತೂಗಿ 450ರ ಸುಮಾರು ಎಂದು ಹೇಳಲಾಯಿತು. ಇದೇ ಸಾಕ್ಷ್ಯವನ್ನು ಮುಂದಿಟ್ಟುಕೊಂಡು, ಅಕ್ಷರಗಳು ಇನ್ನೂ ಈಚಿನವಾಗಿ ಕಾಣುತ್ತವೆ ಎಂದು ಆ ಕಾಲವನ್ನು ಕೆಳಕ್ಕೆ ತಂದ ಶಾಸನತಜ್ಞರೂ ಇದ್ದಾರೆ. ಪಠ್ಯಪುಸ್ತಕಕ್ಕೆ ಹೋಗುವಾಗ ‘ಸುಮಾರು’ ಎಂಬ ಪದ ದಾರಿಯಲ್ಲಿ ಉದುರಿಹೋಯಿತು. ವಿದ್ವಾಂಸರು ಹೇಳಿದ್ದರಲ್ಲಿ ಅತ್ಯಂತ ಎಚ್ಚರದ ಪದ ಅದೇ ಆಗಿತ್ತು.

ಅಕ್ಷರದ ಆಕಾರ ನೋಡಿ ಕಾಲ ಹೇಳುವುದು ಮಂತ್ರವಿದ್ಯೆಯಲ್ಲ. ಕಾಲ ಖಚಿತವಾಗಿ ಗೊತ್ತಿರುವ ಶಾಸನಗಳ ಅಕ್ಷರಗಳನ್ನು ಸಾಲಾಗಿ ಇಟ್ಟುಕೊಂಡು, ತಲೆಕಟ್ಟು ಹೇಗಿದೆ, ಬಳ್ಳಿ ಎತ್ತ ಬಾಗಿದೆ, ಗುಣಿತದ ಚಿಹ್ನೆ ಎಲ್ಲಿ ಸೇರಿದೆ ಎಂದು ಹೋಲಿಸುತ್ತ ಹೋಗುವ ಕೆಲಸ ಅದು. ಆದರೆ ಕಲ್ಲುಕುಟಿಗರಲ್ಲೂ ಹಳೆಯ ಕೈ, ಹೊಸ ಕೈ ಇರುತ್ತದೆ. ರಾಜಧಾನಿಯಲ್ಲಿ ಬದಲಾದ ಅಕ್ಷರ ಮೂಲೆಯ ಹಳ್ಳಿಗೆ ಬರುವಾಗ ಒಂದು ತಲೆಮಾರು ಕಳೆದಿರಬಹುದು. ಆದ್ದರಿಂದ ಈ ವಿಧಾನದಲ್ಲಿ 50 ವರ್ಷ ಅತ್ತಿತ್ತ ಆಗುವುದನ್ನು ದೋಷವೆಂದು ಯಾರೂ ಎಣಿಸುವುದಿಲ್ಲ. ತಾಳಗುಂದದ ಶಾಸನಕ್ಕೆ ಹೇಳಿರುವ 370ಕ್ಕೂ ಇದೇ ಮಾತು ಅನ್ವಯಿಸುತ್ತದೆ, ಅದು ಹಲ್ಮಿಡಿಗಿಂತ ಹಳೆಯದಾಗಿರುವ ಸಾಧ್ಯತೆಗೆ ಆಧಾರಗಳಿದ್ದರೂ ಆ ಕಾಲನಿರ್ಣಯವನ್ನು ಎಲ್ಲರೂ ಒಪ್ಪಿ ಮುಗಿದಿಲ್ಲ. ನಿಮ್ಮ ಹಿರಿಯರು ಹದಕ್ಕೆ ಬಂದಿಲ್ಲ ಎಂದದ್ದು ಈ ಅರ್ಥದಲ್ಲಿ ಎಂದು ನನಗೆ ತೋರುತ್ತದೆ.

ಈಗ ಯಾರದನ್ನು ಬೇಕಾದರೂ ನಂಬಬಹುದು ಎಂಬ ಮಾತಿಗೆ ಬರುತ್ತೇನೆ. ಇಬ್ಬರು ತಜ್ಞರಲ್ಲಿ ಒಬ್ಬರು 450 ಎಂದು, ಇನ್ನೊಬ್ಬರು 500 ದಾಟಿದ್ದು ಎಂದು ವಾದಿಸುವಾಗ ಅವರ ನಡುವೆ ಒಪ್ಪಿಗೆಯಾದ ಸಂಗತಿಗಳೇ ಭಿನ್ನಾಭಿಪ್ರಾಯಕ್ಕಿಂತ ನೂರು ಪಾಲು ಹೆಚ್ಚಿರುತ್ತವೆ. ಆ ಕಲ್ಲು ಹತ್ತನೆಯ ಶತಮಾನದ್ದಲ್ಲ, ಅಶೋಕನ ಕಾಲದ್ದೂ ಅಲ್ಲ ಎಂಬುದರಲ್ಲಿ ಅವರಿಗೆ ಸಂಶಯವಿಲ್ಲ. ಅವರು ಜಗಳವಾಡುತ್ತಿರುವುದು ಒಂದು ಕಿರಿದಾದ ಗದ್ದೆಯ ಬದುವಿನ ಬಗ್ಗೆ. ಅದನ್ನು ನೋಡಿ ಊರಿಗೆ ಊರೇ ಯಾರದೂ ಅಲ್ಲವೆಂದು ತೀರ್ಮಾನಿಸುವುದು ಸರಿಯಲ್ಲ.

ತಿದ್ದಿಕೊಳ್ಳುವುದರ ಬಗ್ಗೆ ನನ್ನ ಮನಸ್ಸಿನಲ್ಲಿ ಬಹುಕಾಲದಿಂದ ಉಳಿದಿರುವ ಒಂದು ಪ್ರಸಂಗವಿದೆ. ಶಾಸನತಜ್ಞ ಜೆ.ಎಫ್. ಫ್ಲೀಟ್ ಅವರು ತಲಕಾಡಿನ ಗಂಗರ ಹಳೆಯ ತಾಮ್ರಪಟಗಳೆಲ್ಲ ಕೂಟಶಾಸನಗಳು, ಅಂದರೆ ನಂತರದವರು ಹಳೆಯ ಹೆಸರಿನಲ್ಲಿ ಸೃಷ್ಟಿಸಿದವು, ಎಂದು ಬಹಳ ವರ್ಷಗಳ ಕಾಲ ವಾದಿಸಿದವರು. ಇನ್ನೊಬ್ಬ ಶಾಸನತಜ್ಞ ಬಿ.ಎಲ್. ರೈಸ್ ಅವರದು ಇದಕ್ಕೆ ವಿರುದ್ಧವಾದ ನಿಲುವು. ಇಬ್ಬರ ನಡುವೆ ನಡೆದ ವಾದ ಸೌಮ್ಯವಾದದ್ದೇನೂ ಅಲ್ಲ. ಹೀಗಿರುವಾಗ ಪೆನುಕೊಂಡದ ತಾಮ್ರಪಟಗಳು ಬೆಳಕಿಗೆ ಬಂದವು. ಅವನ್ನು ಪರೀಕ್ಷಿಸಿದ ಫ್ಲೀಟ್ ಇವು ನಿಜವಾದ ಗಂಗ ದಾಖಲೆ ಎಂದು ಒಪ್ಪಿ, 475ರ ಸುಮಾರಿಗೆ ಇಟ್ಟು, 1915ರಲ್ಲಿ ತಾವೇ ಅದರ ಬಗ್ಗೆ ಬರೆದರು. ಹಾಗೆಂದು ಹಿಂದೆ ತಿರಸ್ಕರಿಸಿದ ಪಟಗಳೆಲ್ಲ ಆ ಒಂದು ದಿನದಲ್ಲಿ ನಿಜವಾಗಿಬಿಡಲಿಲ್ಲ. ಅವುಗಳಲ್ಲಿ ಹಲವನ್ನು ಇಂದಿಗೂ ಕೂಟವೆಂದೇ ಎಣಿಸುತ್ತಾರೆ. ಹೊಸ ಸಾಕ್ಷ್ಯ ಎಷ್ಟು ಕೇಳಿತೋ ಅಷ್ಟನ್ನು ಅವರು ಬಿಟ್ಟುಕೊಟ್ಟರು, ಅದಕ್ಕಿಂತ ಹೆಚ್ಚನ್ನೂ ಬಿಡಲಿಲ್ಲ, ಕಡಿಮೆಯನ್ನೂ ಅಲ್ಲ. ನಿಮ್ಮ ಎರಡನೆಯ ಪ್ರಶ್ನೆಗೆ ನನ್ನ ಉತ್ತರ ಈ ಅಳತೆಯಲ್ಲೇ ಇದೆ. ತಾಳಗುಂದದ ಶೋಧ ನಿಮ್ಮಿಂದ ಕೇಳುತ್ತಿರುವುದು ‘ಮೊದಲ’ ಎಂಬ ಪದವನ್ನು ಮಾತ್ರ. ಹಲ್ಮಿಡಿಯ ಬೆಲೆಯನ್ನು ಅದು ಕೇಳುತ್ತಿಲ್ಲ.


ಉತ್ತರ 2
ಬರೆದವರು: ಬೆಂಗಳೂರಿನ ಓದುಗ

ಮೇಲಿನ ಉತ್ತರವನ್ನು ಗೌರವದಿಂದ ಓದಿದೆ, ಆದರೂ ನನ್ನ ಸಂಶಯವನ್ನು ಮುಚ್ಚಿಡದೆ ಹೇಳುತ್ತೇನೆ. ತಜ್ಞರ ಮಾತಿಗೆ ಹೆಚ್ಚು ತೂಕ ಕೊಡಬೇಕು ಎನ್ನುವಾಗ ನಾವು ಮರೆಯುವ ಒಂದು ಸಂಗತಿ ಇದೆ. ‘ಕವಿರಾಜಮಾರ್ಗ’ವನ್ನು 1898ರಲ್ಲಿ ಕೆ.ಬಿ. ಪಾಠಕರು ಮೊದಲ ಬಾರಿಗೆ ಅಚ್ಚು ಮಾಡಿದಾಗ ಅದನ್ನು ನೃಪತುಂಗನ ಕೃತಿಯೆಂದೇ ಪ್ರಕಟಿಸಿದರು. ನಮ್ಮ ತಂದೆಯ ಕಾಲದವರು ನೃಪತುಂಗನನ್ನೇ ಕರ್ತೃ ಎಂದು ಓದಿದರು, ನಾವು ಶ್ರೀವಿಜಯ ಎಂದು ಓದಿದೆವು. ಹೀಗೆ ದೊಡ್ಡವರೇ ತಪ್ಪುವುದಾದರೆ, ಸಾಮಾನ್ಯ ಓದುಗನು ತನ್ನ ಬುದ್ಧಿಯನ್ನು ಅವರ ಕೈಗೆ ಏಕೆ ಒಪ್ಪಿಸಬೇಕು? ಇದರ ಜೊತೆಗೆ ಇನ್ನೊಂದು ಮಾತು: ಶಾಸನಗಳನ್ನು ಮೊದಲು ಕಾಣುವವರು ಅನೇಕ ವೇಳೆ ರೈತರು, ಕುರಿ ಕಾಯುವವರು, ಹಳ್ಳಿಯ ಮೇಷ್ಟರು. ಅವರ ಮಾತಿಗೆ ಬೆಲೆ ಬರುವುದು ಪದವಿ ಇರುವ ಯಾರಾದರೂ ಅನುಮೋದಿಸಿದ ಮೇಲೆ ಮಾತ್ರ. ಇದು ನನಗೆ ನ್ಯಾಯವಾಗಿ ಕಾಣುವುದಿಲ್ಲ.


ಉತ್ತರ 3
ಬರೆದವರು: ಮಸ್ಕಿ ಸೀಮೆಯವನು

ಬೆಂಗಳೂರಿನ ಓದುಗರ ಕೊನೆಯ ಮಾತು ನನ್ನನ್ನು ತಟ್ಟಿತು, ಏಕೆಂದರೆ ನಾನು ರಾಯಚೂರು ಜಿಲ್ಲೆಯ ಮಸ್ಕಿಯ ಪಕ್ಕದವನು, ನಮ್ಮ ಗುಡ್ಡದ ಕಥೆಯೇ ಅದಕ್ಕೆ ಉತ್ತರವಾಗುತ್ತದೆ ಎಂದು ನನಗೆ ಅನ್ನಿಸುತ್ತದೆ.

ಬ್ರಾಹ್ಮೀ ಲಿಪಿಯನ್ನು ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಬಿಡಿಸಿ ಓದಿದಾಗ, ಕಂಬಗಳ ಮೇಲೆಯೂ ಬಂಡೆಗಳ ಮೇಲೆಯೂ ಮತ್ತೆ ಮತ್ತೆ ಸಿಕ್ಕಿದ್ದು ‘ದೇವಾನಂಪಿಯ ಪಿಯದಸಿ’ ಎಂಬ ಹೆಸರು. ಈ ರಾಜ ಯಾರು? ಸಿಂಹಳದಲ್ಲಿ ದೇವಾನಂಪಿಯ ತಿಸ್ಸ ಎಂಬ ರಾಜನಿದ್ದನಾದ್ದರಿಂದ ಇವನೂ ಸಿಂಹಳದವನೇ ಇರಬೇಕೆಂದು ಪ್ರಿನ್ಸೆಪ್ ಮೊದಲು ಭಾವಿಸಿದರು. ಲಿಪಿಯನ್ನು ಓದಬಲ್ಲವರು ಜಗತ್ತಿನಲ್ಲಿ ಬೆರಳೆಣಿಕೆಯಷ್ಟು ಮಂದಿ ಇದ್ದ ಕಾಲ ಅದು; ಅವರು ತಮ್ಮ ಮಾತನ್ನೇ ಹಿಡಿದು ಕೂತಿದ್ದರೆ ಎದುರಾಡುವವರು ಹೆಚ್ಚು ಮಂದಿ ಇರಲಿಲ್ಲ. ಆದರೆ ಸಿಂಹಳದಲ್ಲಿದ್ದು ಪಾಲಿ ಗ್ರಂಥಗಳನ್ನು ಓದುತ್ತಿದ್ದ ಜಾರ್ಜ್ ಟರ್ನರ್ ಅಲ್ಲಿನ ಒಂದು ಹಳೆಯ ವಂಶಕಥೆಯಲ್ಲಿ ಪಿಯದಸ್ಸಿ ಎಂಬುದು ಚಂದ್ರಗುಪ್ತನ ಮೊಮ್ಮಗ, ಬಿಂದುಸಾರನ ಮಗ ಅಶೋಕನ ಹೆಸರೆಂದು ಕಂಡು ತಿಳಿಸಿದರು. ಪ್ರಿನ್ಸೆಪ್ ತಮ್ಮ ಊಹೆಯನ್ನು ಕೈಬಿಟ್ಟು ಅದನ್ನು ಒಪ್ಪಿಕೊಂಡರು. ಲಿಪಿ ಗೊತ್ತಿದ್ದವರು ಗ್ರಂಥ ಗೊತ್ತಿದ್ದವರ ಮಾತಿಗೆ ಕಿವಿಗೊಟ್ಟರು, ಹೆಚ್ಚೇನೂ ಸದ್ದಿಲ್ಲದೆ.

ಆದರೂ ಆ ರಾಜ ಬರೆಸಿದ ಯಾವ ಶಾಸನದಲ್ಲೂ ಅಶೋಕ ಎಂಬ ಹೆಸರು ಆಗ ಕಂಡಿರಲಿಲ್ಲ. ಬಹುಪಾಲು ವಿದ್ವಾಂಸರು ಒಪ್ಪಿದ್ದ ಸಂಗತಿ ಗ್ರಂಥದ ಆಧಾರದ ಮೇಲೆ ನಿಂತಿತ್ತು. 1915ರಲ್ಲಿ, ನಮ್ಮ ಭಾಗವಿನ್ನೂ ನಿಜಾಮರ ಸಂಸ್ಥಾನದಲ್ಲಿದ್ದಾಗ, ಚಿನ್ನದ ನಿಕ್ಷೇಪ ಹುಡುಕುತ್ತ ಬಂದ ಬೀಡನ್ ಎಂಬ ಎಂಜಿನಿಯರ್ ಮಸ್ಕಿಯ ಬಂಡೆಯ ಮೇಲಿನ ಬರಹವನ್ನು ಕಂಡರು. ಆತನಿಗೆ ಅದನ್ನು ಓದಲು ಬರುತ್ತಿರಲಿಲ್ಲ. ಓದಿ ಪ್ರಕಟಿಸಿದವರು ಎಚ್. ಕೃಷ್ಣಶಾಸ್ತ್ರಿಗಳು. ಅಲ್ಲಿ ‘ದೇವಾನಂಪಿಯಸ ಅಸೋಕಸ’ ಎಂದು ಸ್ಪಷ್ಟವಾಗಿತ್ತು. ಮುಂದೆ ಬಳ್ಳಾರಿ ಸೀಮೆಯ ನಿಟ್ಟೂರು ಮತ್ತು ಉದೇಗೊಳದ ಬಂಡೆಗಳಲ್ಲೂ ಆ ಹೆಸರು ದೊರೆಯಿತು.

ಕಂಡವರಿಗೆ ಕಂಡ ಗೌರವ ಸಲ್ಲಬೇಕು, ಇದರಲ್ಲಿ ನಾನು ಬೆಂಗಳೂರಿನ ಓದುಗರ ಪಕ್ಷ. ಹಳ್ಳಿಯವರು ತೋರಿಸಿದ ಕಲ್ಲಿಗೆ ಅವರ ಹೆಸರನ್ನೇ ದಾಖಲಿಸದೆ ಬರೆಯುವ ಪರಿಪಾಠ ತಪ್ಪು. ಆದರೆ ಬೀಡನ್ ಆ ಬರಹಕ್ಕೆ ತಮಗೆ ತೋಚಿದ ಅರ್ಥ ಹೇಳಿ, ಕೃಷ್ಣಶಾಸ್ತ್ರಿಗಳ ಓದಿಗೂ ತಮ್ಮ ಊಹೆಗೂ ಸಮಾನ ತೂಕ ಕೊಡಿ ಎಂದಿದ್ದರೆ ನಾವು ಒಪ್ಪುತ್ತಿರಲಿಲ್ಲ. ಆ ತೂಕ ಬಂದದ್ದು ಪದವಿಯಿಂದಲ್ಲ, ಅದೇ ಲಿಪಿಯ ನೂರಾರು ಸಾಲುಗಳನ್ನು ಮೊದಲೇ ಓದಿದ್ದರಿಂದ. ಹಳ್ಳಿಯ ಮೇಷ್ಟರೊಬ್ಬರು ಅಷ್ಟು ಸಾಲುಗಳನ್ನು ಓದಿದ್ದರೆ ಅವರ ಮಾತಿಗೂ ಅದೇ ತೂಕ ಸಲ್ಲಬೇಕು.


ಉತ್ತರ 4
ಬರೆದವರು: ಪಡಿಯಚ್ಚು

ಕವಿರಾಜಮಾರ್ಗದ ವಿಷಯ ಬಂದದ್ದು ಒಳ್ಳೆಯದಾಯಿತು. ಅಲ್ಲಿ ಅಭಿಪ್ರಾಯ ಬದಲಾದದ್ದು ಯಾರದೋ ಗದ್ದಲದಿಂದಲ್ಲ. ಆ ಗ್ರಂಥ ತನ್ನನ್ನು ತಾನೇ ‘ನೃಪತುಂಗದೇವಾನುಮತ’ ಎಂದು ಕರೆದುಕೊಳ್ಳುತ್ತದೆ. ರಾಜನೇ ಬರೆದಿದ್ದರೆ ರಾಜನ ಅನುಮತ ಎಂದು ಏಕೆ ಹೇಳಿಕೊಳ್ಳಬೇಕು ಎಂಬ ಪ್ರಶ್ನೆಯನ್ನು ಎತ್ತಿದವರು, ಗ್ರಂಥದೊಳಗೇ ಬರುವ ಶ್ರೀವಿಜಯನ ಹೆಸರಿನತ್ತ ಬೆರಳು ತೋರಿಸಿದವರು, ಅದನ್ನು ಸಾಲು ಸಾಲಾಗಿ ಓದಿದ್ದ ಇತರ ವಿದ್ವಾಂಸರೇ. ಪಾಠಕರ ಅಭಿಪ್ರಾಯ ತಪ್ಪೆಂದು ತೋರಿಸಲು ಪಾಠಕರೇ ಒದಗಿಸಿದ ಅಚ್ಚಿನ ಪ್ರತಿ ಬೇಕಾಯಿತು. ಇದನ್ನು ತಜ್ಞರ ಸೋಲೆಂದು ನೀವು ಓದಿದ್ದೀರಿ, ನಾನು ಅದನ್ನು ಆ ಶಿಸ್ತು ತನ್ನ ಕೆಲಸವನ್ನು ಸರಿಯಾಗಿ ಮಾಡಿದ ಉದಾಹರಣೆ ಎಂದು ಓದುತ್ತೇನೆ. ನಿಮ್ಮ ಬುದ್ಧಿಯನ್ನು ಯಾರ ಕೈಗೂ ಒಪ್ಪಿಸಬೇಡಿ. ಆಧಾರವೇನು ಎಂದು ಕೇಳಿ, ಏನು ಸಿಕ್ಕಿದರೆ ಈ ಮಾತನ್ನು ಬಿಡುತ್ತೀರಿ ಎಂದೂ ಕೇಳಿ. ಎರಡನೆಯ ಪ್ರಶ್ನೆಗೆ ಉತ್ತರ ಕೊಡಲಾಗದವರು ಎಷ್ಟೇ ದೊಡ್ಡವರಾದರೂ ಆ ವಿಷಯದ ಮಟ್ಟಿಗೆ ಅವರ ಮಾತನ್ನು ಬದಿಗಿಟ್ಟರೆ ತಪ್ಪಿಲ್ಲ.

ಒಂದು ಎಚ್ಚರವನ್ನು ಮಾತ್ರ ನಮ್ಮೆಲ್ಲರಿಗೂ, ನನ್ನನ್ನೂ ಸೇರಿಸಿ, ಹೇಳಬೇಕೆನಿಸುತ್ತದೆ. 2008ರಲ್ಲಿ ಕನ್ನಡಕ್ಕೆ ಶಾಸ್ತ್ರೀಯ ಭಾಷೆಯ ಸ್ಥಾನ ದೊರೆತದ್ದರ ಹಿಂದೆ ಭಾಷೆಯ ಪ್ರಾಚೀನತೆಯ ವಾದವಿತ್ತು, ಆದ್ದರಿಂದ ನಮ್ಮ ಶಾಸನಗಳು ಹಿಂದೆ ಹಿಂದೆ ಸರಿದಷ್ಟೂ ನಮಗೆ ಸಂತೋಷ. ಬ್ರಹ್ಮಗಿರಿಯ ಅಶೋಕ ಶಾಸನದಲ್ಲಿ ಬರುವ ‘ಇಸಿಲ’ ಎಂಬ ಊರಹೆಸರು ಕನ್ನಡವೆಂದು ಡಿ.ಎಲ್. ನರಸಿಂಹಾಚಾರ್ಯರು ವಾದಿಸಿದ್ದು ಆಧಾರ ಸಹಿತವಾಗಿ, ಒಂದು ಪದದ ಮಟ್ಟಿಗೆ. ಅದನ್ನೇ ಹಿಡಿದು ಅಶೋಕನೇ ಕನ್ನಡದಲ್ಲಿ ಬರೆಸಿದ ಎಂಬಂತೆ ಹಬ್ಬಿಸುವವರನ್ನು ನಾನು ಕಂಡಿದ್ದೇನೆ. ನಮಗೆ ಇಷ್ಟವಾಗುವ ಸುದ್ದಿ ಬಂದಾಗ ಎಷ್ಟು ಸುಲಭವಾಗಿ ಮನಸ್ಸು ಬದಲಿಸುತ್ತೇವೆ, ಇಷ್ಟವಿಲ್ಲದ್ದು ಬಂದಾಗ ಎಷ್ಟು ಸಾಕ್ಷಿ ಕೇಳುತ್ತೇವೆ ಎಂದು ನೋಡಿಕೊಂಡರೆ, ತೆರೆದ ಮನಸ್ಸು ಎಂದು ನಾವು ಕರೆಯುವುದರಲ್ಲಿ ಅರ್ಧ ಪಾಲು ಬರೀ ಆಸೆ ಎಂದು ಗೊತ್ತಾಗುತ್ತದೆ. ನಾಳೆ ತಾಳಗುಂದದ ಶಾಸನ ಹಲ್ಮಿಡಿಗಿಂತ ಈಚಿನದೆಂದು ಯಾರಾದರೂ ಗಟ್ಟಿಯಾದ ಆಧಾರ ಕೊಟ್ಟರೆ, ಅದನ್ನು ಕೇಳಲು ನಾವು ಇಂದಿನಷ್ಟೇ ಸಿದ್ಧರಿರಬೇಕು.


ಉತ್ತರ 5
ಬರೆದವರು: ಬೆಂಗಳೂರಿನ ಓದುಗ

‘ಅನುಮತ’ ಎಂಬ ಪದದ ವಿಷಯ ನನಗೆ ತಿಳಿದಿರಲಿಲ್ಲ. ಕರ್ತೃತ್ವದ ಉದಾಹರಣೆಯನ್ನು ನಾನು ಬಳಸಿದ ರೀತಿ ಸರಿಯಲ್ಲವೆಂದು ಈಗ ಒಪ್ಪುತ್ತೇನೆ. ಅದು ನನ್ನ ವಾದಕ್ಕಿಂತ ನಿಮ್ಮ ವಾದಕ್ಕೇ ಹೆಚ್ಚು ಒದಗುತ್ತದೆ. ಹಳ್ಳಿಯವರ ಹೆಸರು ದಾಖಲಾಗಬೇಕೆಂಬ ಮಾತನ್ನು ಮಾತ್ರ ಬಿಡುವುದಿಲ್ಲ. ಮಸ್ಕಿಯವರು ಅದನ್ನು ಒಪ್ಪಿದ್ದಾರೆ ಎಂಬುದು ಸಮಾಧಾನ.


ಉತ್ತರ 6
ಬರೆದವರು: ಹಾಸನದ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ಎರಡು ದಿನ ಇವನ್ನೆಲ್ಲ ಮತ್ತೆ ಮತ್ತೆ ಓದಿದ ಮೇಲೆ ನಿನ್ನೆ ತರಗತಿಗೆ ಹೋದೆ. ಆ ಹುಡುಗನನ್ನು ಎಲ್ಲರ ಮುಂದೆ ಎಬ್ಬಿಸಿ, ಕಳೆದ ತಿಂಗಳು ನೀನು ಹೇಳಿದ್ದರಲ್ಲಿ ಹುರುಳಿತ್ತು, ಅದನ್ನು ಕೇಳದೆ ನಿನ್ನನ್ನು ಕೂರಿಸಿದ್ದು ನನ್ನ ತಪ್ಪು ಎಂದು ಹೇಳಿದೆ. ಅವನು ನಾಚಿಕೊಂಡು ತಲೆ ತಗ್ಗಿಸಿದ. ಅನಂತರ ಕಪ್ಪುಹಲಗೆಯ ಮೇಲೆ ‘ಮೊದಲ ಶಾಸನ, 450’ ಎಂದು ಬರೆದು, ಅದರಲ್ಲಿ ಏನನ್ನು ತಿದ್ದಬೇಕೆಂದು ಮಕ್ಕಳನ್ನೇ ಕೇಳಿದೆ. ಕಾಲವನ್ನು ಕಲ್ಲು ತಾನೇ ಹೇಳುವುದಿಲ್ಲ, ಅಕ್ಷರ ನೋಡಿ ಅಂದಾಜು ಮಾಡುತ್ತಾರೆ ಎಂದು ವಿವರಿಸಿದಾಗ ಒಬ್ಬಳು ‘ಸುಮಾರು’ ಎಂದು ಸೇರಿಸಿ ಎಂದಳು. ‘ಮೊದಲ’ ಎಂಬುದರ ಬದಲು ‘ಬಹುಕಾಲದಿಂದ ಅತ್ಯಂತ ಹಳೆಯದೆಂದು ತಿಳಿದಿದ್ದ’ ಎಂದು ಬರೆಯಲು ಸ್ವಲ್ಪ ಹೊತ್ತು ಹಿಡಿಯಿತು. ಅದರ ಕೆಳಗೆ ತಾಳಗುಂದದ ಸಾಲನ್ನು, ಅದರ ಕಾಲದ ಬಗ್ಗೆ ಚರ್ಚೆ ನಡೆದಿದೆ ಎಂಬ ಮಾತಿನೊಂದಿಗೆ ಬರೆಸಿದೆ. ಪರೀಕ್ಷೆಯಲ್ಲಿ ಏನು ಬರೆಯಬೇಕೆಂದು ಒಬ್ಬ ಕೇಳಿದ. ಸದ್ಯಕ್ಕೆ ಪಠ್ಯದಲ್ಲಿರುವುದನ್ನು ಬರೆ, ಆದರೆ ಗೊತ್ತಿರುವುದನ್ನು ಮರೆಯಬೇಡ ಎಂದೆ. ಈ ಉತ್ತರ ನನಗೇ ಪೂರ್ತಿ ಹಿಡಿಸಿಲ್ಲ.

ನಿಮ್ಮೆಲ್ಲರ ಮಾತುಗಳಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಪಡಿಯಚ್ಚು ಅವರು ಕೊನೆಗೆ ಹೇಳಿದ ಆಸೆಯ ಮಾತು. ಹುಡುಗನನ್ನು ನಾನು ಕೂರಿಸಿದ್ದು ಪಠ್ಯಪುಸ್ತಕದ ಮೇಲಿನ ನಿಷ್ಠೆಯಿಂದ ಎಂದುಕೊಂಡಿದ್ದೆ. ಅದೇ ಹುಡುಗ ನಮ್ಮ ಜಿಲ್ಲೆಯಲ್ಲೇ ಇನ್ನೂ ಹಳೆಯ ಶಾಸನ ಸಿಕ್ಕಿದೆ ಎಂದಿದ್ದರೆ ಅವನನ್ನು ಹತ್ತಿರ ಕರೆದು ವಿವರ ಕೇಳುತ್ತಿದ್ದೆ ಎಂಬುದರಲ್ಲಿ ನನಗೀಗ ಸಂಶಯವಿಲ್ಲ.

ಮಕ್ಕಳನ್ನು ಮೊದಲು ಹಲ್ಮಿಡಿಗೆ, ಆಮೇಲೆ ಶಿರಾಳಕೊಪ್ಪದ ಹತ್ತಿರದ ತಾಳಗುಂದಕ್ಕೆ ಕರೆದುಕೊಂಡು ಹೋಗಬೇಕೆಂದಿದ್ದೇನೆ. ಹಲ್ಮಿಡಿಯಲ್ಲಿ ಈಗಿರುವುದು ಪ್ರತಿಕೃತಿ, ಮೂಲ ಕಲ್ಲು ಈಗ ಅಲ್ಲಿಲ್ಲ ಎಂದು ತಿಳಿದಿದ್ದೇನೆ. ತಾಳಗುಂದದಲ್ಲೇ ಇರುವ ಇನ್ನೊಂದು ಶಾಸನವನ್ನು, ಕುಬ್ಜ ಎಂಬ ಕವಿ ರಚಿಸಿದ ಸ್ತಂಭಶಾಸನವನ್ನು, ಮಕ್ಕಳಿಗೆ ಹತ್ತಿರದಿಂದ ತೋರಿಸಬಹುದೇ, ಅಕ್ಷರಗಳನ್ನು ಸ್ವಲ್ಪವಾದರೂ ಓದಿಸಲು ಮೊದಲೇ ಯಾವ ತಯಾರಿ ಮಾಡಿಸಬೇಕು ಎಂಬುದನ್ನು ಪಡಿಯಚ್ಚು ಅವರು ತಿಳಿಸಿದರೆ ಉಪಕಾರವಾಗುತ್ತದೆ.


ಉತ್ತರ 7
ಬರೆದವರು: ಪಡಿಯಚ್ಚು

ಬೆಳಗಿನ ಹೊತ್ತು ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಹೋಗಿ. ನಡುಹಗಲಿನ ಬೆಳಕಿನಲ್ಲಿ ಗೀರುಗಳು ಮಾಯವಾಗುತ್ತವೆ. ಹೋಗುವ ಮುನ್ನ ಕ, ತ, ನ, ಮ, ರ, ಈ ಐದು ಅಕ್ಷರಗಳ ಕದಂಬ ರೂಪಗಳನ್ನು ಕಾಗದದ ಮೇಲೆ ಹತ್ತು ಹತ್ತು ಸಲ ಬರೆಸಿ, ಕಂಬದ ಮುಂದೆ ನಿಲ್ಲಿಸಿ ಹುಡುಕಲು ಹೇಳಿ. ಕಲ್ಲಿಗೆ ಸೀಮೆಸುಣ್ಣ ಹಚ್ಚಲು ಯಾರಿಗೂ ಬಿಡಬೇಡಿ. ಒಂದೇ ಅಕ್ಷರವನ್ನು ಇಬ್ಬರು ಮಕ್ಕಳು ಬೇರೆ ಬೇರೆಯಾಗಿ ಓದಿದರೆ ತಕ್ಷಣ ಸರಿ ಯಾವುದೆಂದು ಹೇಳಬೇಡಿ, ಅದೇ ಅಕ್ಷರ ಮುಂದಿನ ಸಾಲಿನಲ್ಲಿ ಹೇಗಿದೆ ಎಂದು ಇಬ್ಬರಿಗೂ ನೋಡಲು ಹೇಳಿ.